ಎಕ್ಸೆಲ್ ಅಂದರೆ ಅಚ್ಚು

ನಲ್ಲೂರು, ಚನ್ನಗಿರಿ ತಾಲ್ಲೂಕು
೨೮ ಮೇ ೨೦೨೫, ಬುಧವಾರ

ಪ್ರೀತಿಯ ಮಗಳು ಚೈತ್ರಶ್ರೀಗೆ, ನಿಮ್ಮಪ್ಪನ ಆಶೀರ್ವಾದಗಳು.

ಹೇಗಿದ್ದೀಯ ತಾಯಿ? ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ ಅಂತ ಹೋದ ಕಾಗದದಲ್ಲಿ ಬರೆದಿದ್ದೆಯಲ್ಲ, ವಾಸಿಯಾಯಿತೇ? ಕೊಬ್ಬರಿ ಎಣ್ಣೆ ಹಚ್ಚಿ ಎರಡು ಜೊತೆ ಕಾಲುಚೀಲ ಹಾಕಿಕೋ. ಬೆಳಗಿನ ಓಟ ಮುಗಿಸಿದ ಕೂಡಲೇ ತಣ್ಣೀರು ಗಟಗಟ ಕುಡಿಯಬೇಡ, ಕಲಬುರಗಿಯ ಬಿಸಿಲು ನಮ್ಮ ಕಡೆಯ ಬಿಸಿಲಿನಂತಲ್ಲ. ಪೊಲೀಸ್ ತರಬೇತಿಗೆ ಸೇರಿದ ಮೇಲೆ ನೀನೇ ನಾಲ್ಕು ಜನಕ್ಕೆ ಬುದ್ಧಿ ಹೇಳುವವಳಾದೆ, ಆದರೂ ನಾನು ಹೇಳುವುದು ಬಿಡುವುದಿಲ್ಲ. ನಾವು ಚೆನ್ನಾಗಿದ್ದೇವೆ. ಭಾನುವಾರ ನಿಮಗೆ ಫೋನು ಕೊಡುವ ಹತ್ತು ನಿಮಿಷದಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿಮ್ಮಣ್ಣ ಪರಶುರಾಮನೇ ಎಲ್ಲ ಮಾತಾಡಿ ಮುಗಿಸುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ತರಬೇತಿ ಮುಗಿಯುವ ದಿನದ ಪರೇಡ್ ನೋಡಲು ಬರುತ್ತೀಯಾ ಅಂತ ಮೂರು ಕಾಗದದಲ್ಲೂ ಕೇಳಿದ್ದೀಯ, ನಾನು ಮೂರಕ್ಕೂ ಬೇರೆ ಏನೇನೋ ಬರೆದು ಕಳಿಸಿದೆ. ನಿಮ್ಮವ್ವ ಹೋದ ಈ ಎಂಟು ತಿಂಗಳಲ್ಲಿ ನಾನು ಊರ ಗಡಿ ದಾಟಿರಲಿಲ್ಲ ಎಂಬುದು ನಿನಗೆ ಗೊತ್ತು. ಡೈರಿ ಬರೆಯುವುದು ಬಿಟ್ಟಿಲ್ಲ. ಆದರೆ ದಿನವೂ ಒಂದೇ ಸಾಲು, 'ಇಂದು ವಿಶೇಷವಿಲ್ಲ.' ಈಗ ಹದಿನೈದು ದಿನದಿಂದ ಮಾತ್ರ ಪುಟ ಸಾಲದೆ ಅಂಚಿನಲ್ಲೂ ಬರೆದಿದ್ದೇನೆ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ನಿನಗೆ ಬರೆಯುತ್ತಿದ್ದೇನೆ.

ನಮ್ಮ ಶಾಮಿಯಾನ ಸಾಗಿಸುವ ಪಿಕಪ್ಪಿಗೆ ದೊಡ್ಡ ಟೈರು ಹಾಕಿಸಬೇಕು ಅಂತ ನಿಮ್ಮಣ್ಣ ಹಠ ಹಿಡಿದ. ಕಾರಣ, ನಿಮ್ಮ ದೊಡ್ಡವ್ವ ದುರುಗಕ್ಕನ ಮೊಮ್ಮಗಳು ದುರ್ಗಾಂಬಿಕಾಳ ಮದುವೆ. ಜಗಳೂರು ಕಡೆ ಅವರ ಹೊಲದ ಮನೆಯ ಮುಂದೆಯೇ ಚಪ್ಪರ. ಆ ಹುಡುಗಿ ಲಂಗ ತೊಟ್ಟು ಓಡಾಡುವಾಗಲೇ ನಿಮ್ಮವ್ವ ಅಕ್ಕನಿಗೆ ಮಾತು ಕೊಟ್ಟುಬಿಟ್ಟಿದ್ದಳು, ಇವಳ ಮದುವೆಯ ಚಪ್ಪರವೂ ನಮ್ಮದೇ, ಪಾತ್ರೆಯೂ ನಮ್ಮದೇ ಅಂತ. ಡಾಂಬರು ರಸ್ತೆಯಿಂದ ಆ ಮನೆಗೆ ಎರಡು ಮೈಲಿ ಎರೆ ಹೊಲದ ದಾರಿ. ಎರಡು ವರ್ಷದ ಹಿಂದೆ ಅವರ ಮನೆಯ ನಾಮಕರಣಕ್ಕೆ ಹೋದಾಗ ಗಾಡಿ ಹೂತುಹೋಗಿ, ಎಲ್ಲರೂ ಪಾತ್ರೆ ಹೊತ್ತು ನಡೆದದ್ದು ನೆನಪಿದೆಯಾ? ನಿಮ್ಮವ್ವ ಕೊಪ್ಪರಿಗೆಯನ್ನು ಕೊಡೆಯಂತೆ ತಲೆಯ ಮೇಲೆ ಬೋರಲು ಹಾಕಿಕೊಂಡು, ಒಳಗಿನಿಂದಲೇ ನಮ್ಮನ್ನೆಲ್ಲ ಬೈಯುತ್ತಾ ನಡೆದಳಲ್ಲ. ಬೈಗುಳ ಗುಂಯ್ ಅಂತ ಕೇಳುತ್ತಿತ್ತು. ಈ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿಯಿತು. ಅವ್ವ ಕೊಟ್ಟ ಮಾತು ಕೆಸರಿನಲ್ಲಿ ಹೂತುಹೋಗಬಾರದು ಎಂಬುದೊಂದೇ ನಿಮ್ಮಣ್ಣನ ಯೋಚನೆ.

ಅವನು ಚನ್ನಗಿರಿಯಲ್ಲಿ ಎದೆಯುದ್ದದ ನಾಲ್ಕು ಟೈರು ಮಾತಾಡಿ ಬಂದಿದ್ದ. ಹಾಕುವ ಮೊದಲು ಮೆಕ್ಯಾನಿಕ್ ಕಲೀಮುಲ್ಲಾ ನಮ್ಮ ಮನೆಗೇ ಬಂದು ಗಾಡಿಯ ಕೆಳಗೆ ತೂರಿಕೊಂಡು ನೋಡಿದ. ಎದ್ದು ಬಂದವನು ಒಂದೇ ಸಲಕ್ಕೆ ಆಗುವುದಿಲ್ಲ ಅಂದುಬಿಟ್ಟ. ನಿಮ್ಮಣ್ಣ ಇವನಿಗೆ ಕೆಲಸ ಮಾಡಲು ಸೋಮಾರಿತನ ಅಂತ ಛೇಡಿಸಿದ. ಕಲೀಮುಲ್ಲಾ ಅವನ ಹತ್ತಿರ ವಾದ ಮಾಡದೆ ನನ್ನ ಕಡೆ ತಿರುಗಿ, ಅಡುಗೆಯ ಸಾಮಾನಿನಿಂದ ಒಂದು ಗಿಡ್ಡ ಸೌಟು, ಒಂದು ಮಾರುದ್ದದ ಸೌಟು ತರಿಸಿದ. ಗಿಡ್ಡ ಸೌಟಿನ ತುದಿಯಲ್ಲಿ ಒಂದು ಕಲ್ಲಿಟ್ಟು ನನ್ನ ಕೈಗೆ ಕೊಟ್ಟ. ಎತ್ತಿದೆ. ಅದೇ ಕಲ್ಲನ್ನು ಉದ್ದನೆಯ ಸೌಟಿನ ತುದಿಗಿಟ್ಟ. ನನ್ನ ಮಣಿಕಟ್ಟು ನಡುಗಿ ಕಲ್ಲು ನಿಮ್ಮಣ್ಣನ ಕಾಲ ಮೇಲೇ ಬಿತ್ತು.

"ನೋಡ್ರಿ ಯಜಮಾನ್ರೇ, ಸೌಟು ಅಂದ್ರೆ ಗಾಲಿ, ನಿಮ್ಮ ಮಣಿಕಟ್ಟು ಅಂದ್ರೆ ಅಚ್ಚು," ಅಂದ. "ಇಂಜಿನ್ ಈ ಕಡಿಂದ ತಿರುವ್ತೈತೆ, ಕೆಸರು ಆ ಕಡಿಂದ ಹಿಡ್ಕಂತೈತೆ. ಗಾಲಿ ದೊಡ್ಡದಾದಷ್ಟೂ ನಡುವೆ ಸಾಯೋದು ಅಚ್ಚು. ನಿಮ್ಮ ಮನೇವ್ರು ಅಷ್ಟುದ್ದ ಸೌಟು ಹಿಡಿದು ಸಾವಿರ ಮಂದಿಗೆ ಸಾರು ತಿರುವ್ತಿದ್ರಲ್ಲ, ಅದು ಸೌಟಿನ ಬಲ ಅಲ್ರಿ. ಅವರ ಮಣಿಕಟ್ಟಿನ ಬಲ."

ಆಮೇಲೆ ಅವನು ತೀರ್ಮಾನ ಮಾಡಿದ. ಎದೆಯುದ್ದದ ಟೈರು ಬೇಡ, ಈಗಿರುವುದಕ್ಕಿಂತ ಒಂದು ಸೈಜು ದೊಡ್ಡದು, ಕೆಸರಿಗೆ ಕಚ್ಚುವಂಥ ಹಲ್ಲಿರುವುದು ಸಾಕು. ಹಿಂದಿನ ಅಚ್ಚು ಮಾತ್ರ ಇದೇ ಜಾತಿಯ, ಇದಕ್ಕಿಂತ ಹೆಚ್ಚು ಭಾರ ಹೊರುವ ಗಾಡಿಯದು, ದಪ್ಪನೆಯದು ಹಾಕಲೇಬೇಕು. ದೊಡ್ಡ ಟೈರಿಗೆ ಬ್ರೇಕು ತಡವಾಗಿ ಹಿಡಿಯುವುದರಿಂದ ಅದನ್ನೂ ಬಿಗಿ ಮಾಡಬೇಕು. ಅಂಥ ಅಚ್ಚು ಹೊನ್ನಾಳಿಯ ಗೌಸ್‌ಪೀರ್ ಸಾಹೇಬರ ಗುಜರಿಯಲ್ಲಿ ಸಿಕ್ಕಬಹುದು ಅಂದ. ನಾನು ತಲೆಯಾಡಿಸಿದೆ. ಅಚ್ಚು ಅಂದರೆ ನನಗೆ ಗೊತ್ತು, ನಮ್ಮಪ್ಪನ ಎತ್ತಿನ ಗಾಡಿಗೂ ಇತ್ತು.

ಇಲ್ಲಿಂದ ಮುಂದಿನದನ್ನು ನೀನು ಒಬ್ಬಳೇ ಓದು, ಗೆಳತಿಯರಿಗೆ ಓದಿ ಹೇಳಬೇಡ. ಎರಡು ದಿನ ಕಳೆದ ಮೇಲೆ ನಿಮ್ಮಣ್ಣ ನ್ಯಾಮತಿಯಲ್ಲಿ ಗೃಹಪ್ರವೇಶದ ಚಪ್ಪರ ಕಟ್ಟುತ್ತಿದ್ದವನು ಬೊಂಬಿನ ಮೇಲಿನಿಂದಲೇ ಫೋನು ಮಾಡಿದ. "ಅಪ್ಪಾ, ಹೊನ್ನಾಳಿ ಗೌಸ್‌ಪೀರ್ ಸಾಹೇಬ್ರ ಹತ್ರ ಹೋಗಿ ಒಂದು ಎಕ್ಸೆಲ್ ನೋಡು. ಹಳೇದಾದ್ರೂ ಚಿಂತಿಲ್ಲ, ಭಾರ ತಡೀಬೇಕು. ಅವ್ರ ಫೋನು ಹತ್ತವಲ್ದು, ನಾನು ಚಪ್ಪರ ಬಿಟ್ಟು ಹೋಗಂಗಿಲ್ಲ, ನೀನೇ ಹೋಗಬೇಕು," ಅಂದವನೇ ಇಟ್ಟುಬಿಟ್ಟ. ಶಾಮಿಯಾನ ಹೊಲಿಯುವ ಮಷೀನೊಂದು ಬಿಟ್ಟರೆ ಯಂತ್ರದ ವಿಷಯ ನನಗೆ ಅಷ್ಟಕ್ಕಷ್ಟೇ. ನಮ್ಮೂರಲ್ಲಿ ಎಕ್ಸೆಲ್ ಅಂದರೆ ಏನು ಹೇಳು? ಹಾಲಿನವರು, ಸೊಪ್ಪಿನವರು ಟುರ್ ಅಂತ ಓಡಿಸುವ ಮೊಪೆಡ್ಡು ತಾನೇ? ಅಪ್ಪ ಮನೆಯಲ್ಲೇ ಕೂತು ಕೊರಗುತ್ತಾನೆ, ಓಡಾಡಿಕೊಂಡಿರಲಿ ಅಂತ ಮಗ ನನಗೆ ಗಾಡಿ ಕೊಡಿಸುತ್ತಿದ್ದಾನೆ ಅಂದುಕೊಂಡೆ. ಕಣ್ಣು ತುಂಬಿ ಬಂತು. ಮಗ ಅಷ್ಟು ಯೋಚಿಸಿರುವಾಗ ಇಲ್ಲ ಅನ್ನುವುದು ಹೇಗೆ ಅಂತ ಒಗೆದ ಪಂಚೆ ಉಟ್ಟು ಬಸ್ಸು ಹತ್ತಿದೆ. ಹೊನ್ನಾಳಿ ಸೇತುವೆಯ ಮೇಲೆ ಹೊಳೆ ಕಂಡಾಗಲೇ ನಾನು ಊರು ದಾಟಿದ್ದೇನೆ ಎಂಬ ನೆನಪಾದದ್ದು.

ಗೌಸ್‌ಪೀರ್ ಸಾಹೇಬರು ಗುಜರಿಯ ಮೂಲೆಯಲ್ಲಿದ್ದ ಹಸಿರು ಬಣ್ಣದ ಒಂದು ಎಕ್ಸೆಲ್ ತೋರಿಸಿದರು. ಭಾರ ತಡೆಯುತ್ತದಾ ಅಂತ ಮಗ ಹೇಳಿದಂತೆಯೇ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಂಥೋರು ನಾಲ್ಕು ಮಂದಿ ಕುಂತ್ರೂ ತಡೀತೈತ್ರಿ, ನೀವೇನು, ಬಿಸಿಲಿಗೆ ಹಾಕಿದ ಹಪ್ಪಳ ಇದ್ದಂಗೆ ಇದೀರಿ," ಅಂದರು. ಮೊದಲು ಓಡಿಸಿ ನೋಡಿ, ಹಿಡಿಸಿದರೆ ಆಮೇಲೆ ಮಾತು ಅಂತ ಕೀಲಿಯನ್ನೂ ಕೊಟ್ಟರು. ಎರಡು ಗಂಟೆ ಓಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಮೋಡ, ಎದುರುಗಾಳಿ. ಒಂದು ಕಡೆ ಮೆಕ್ಕೆಜೋಳ ಬಿತ್ತುತ್ತಿದ್ದ ಹೆಂಗಸರು ಕೈಬೀಸಿದರು, ನಾನೂ ಬೀಸಿದೆ. ಯಾಕೆ ಬೀಸಿದೆನೋ ಗೊತ್ತಿಲ್ಲ.

ಮನೆ ಮುಂದೆ ಚಪ್ಪರ ಮುಗಿಸಿ ಬಂದ ನಿಮ್ಮಣ್ಣ, ಕಲೀಮುಲ್ಲಾ ಇಬ್ಬರೂ ಗಾಡಿಯ ಹಳೇ ಅಚ್ಚು ಬಿಚ್ಚಿಟ್ಟುಕೊಂಡು ಕಾಯುತ್ತಿದ್ದರು. ನಾನು ಟುರ್ ಅಂತ ಬಂದು ನಿಲ್ಲಿಸಿದೆ. ನಿಮ್ಮಣ್ಣ ಮೊಪೆಡ್ಡಿನ ಹಿಂದೆ ಮುಂದೆ ನೋಡಿ, "ಎಕ್ಸೆಲ್ ಎಲ್ಲಪ್ಪಾ?" ಅಂದ. ಇದೇ ಅಲ್ಲವೇನೋ ಅಂದೆ. ಕಲೀಮುಲ್ಲಾ ಮೆಲ್ಲಗೆ, "ಇದನ್ನ ಎರಡು ಟೈರಿನ ನಡುವೆ ಹೆಂಗೆ ಕೂರಿಸ್ಲಿ ಯಜಮಾನ್ರೇ?" ಅಂದ. ವರ್ಕ್‌ಶಾಪಿನವರು ಅಚ್ಚಿಗೂ ಎಕ್ಸೆಲ್ ಅನ್ನುತ್ತಾರೆಂದು ನನಗೆ ಆಗ ತಿಳಿಯಿತು. ನಿಮ್ಮಣ್ಣ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡ. ಪಕ್ಕದ ಮನೆಯ ಅಜ್ಜಮ್ಮ ಏನಾಯಿತೋ ಅಂತ ಗಾಬರಿಯಿಂದ ಓಡಿಬಂದಳು. ನಮ್ಮ ಮನೆಯಿಂದ ನಗು ಕೇಳಿ ಎಷ್ಟು ದಿನವಾಗಿತ್ತು ನೋಡು. ಮಾರನೇ ದಿನ ಗೌಸ್‌ಪೀರ್ ಸಾಹೇಬರೇ ನಿಜವಾದ ಎಕ್ಸೆಲ್ಲನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದರು. ನನ್ನ ಮುಖ ಇನ್ನೊಮ್ಮೆ ನೋಡಬೇಕಿತ್ತಂತೆ. ಮೊಪೆಡ್ಡನ್ನು ವಾಪಸು ಕೊಡಲು ನಿಮ್ಮಣ್ಣ ಬಿಡಲಿಲ್ಲ.

ಮದುವೆ ಶುಕ್ರವಾರ. ಹಿಂದಿನ ದಿನ ಬೆಳಿಗ್ಗೆ ಹೊರಟೆವು. ಹೊಸ ಟೈರಿನಿಂದ ಗಾಡಿ ಎತ್ತರವಾಗಿ ನನಗೆ ಕಾಲು ಎತ್ತಿಡಲು ಆಗಲಿಲ್ಲ. ಮುಂದಿನ ಸೀಟು ನಿಮ್ಮವ್ವನದು, ನಾನು ಯಾವತ್ತೂ ಹಿಂದೆ ಪಾತ್ರೆಗಳ ನಡುವೆ ಕೂರುವವನು. ಅವಳು ಒಲೆ ಮುಂದೆ ಕೂರುತ್ತಿದ್ದ ಮಣೆಯನ್ನು ನಿಮ್ಮಣ್ಣ ತಂದು ಗಾಡಿಯ ಮುಂದಿನ ಬಾಗಿಲ ಕೆಳಗಿಟ್ಟು, ಆ ಕಡೆ ನೋಡುತ್ತಾ ನಿಂತ. ನಾನು ಮಣೆಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಕಾಲಿಟ್ಟು ಹತ್ತಿದೆ. ಜಗಳೂರು ದಾಟಿ ಎರೆ ದಾರಿಗೆ ಇಳಿದಾಗ ರಾತ್ರಿಯ ಮಳೆಗೆ ನೆಲ ಬೆಣ್ಣೆಯಾಗಿತ್ತು. ಹಳೇ ಹಳ್ಳದ ತಗ್ಗಿನಲ್ಲಿ ಹಿಂದಿನ ಗಾಲಿ ಇಳಿಯಿತು. ನಿಮ್ಮಣ್ಣ ಎಂಜಿನ್ ಮೆಲ್ಲಗೆ ಮಾಡಿ ಕಿವಿಗೊಟ್ಟು ಕೂತ. ಟಕ್ ಅಂತ ಒಂದು ಸದ್ದು ಬಂದರೆ ಅಚ್ಚು ಮುರಿದಂತೆ, ಮದುವೆ ಮನೆಗೆ ಚಪ್ಪರವಿಲ್ಲ. ಗಾಲಿ ಒಂದು ಸುತ್ತು ತಿರುಗಿತು, ಮಣ್ಣು ಕಚ್ಚಿತು, ಗಾಡಿ ಮೇಲೆದ್ದಿತು. ಹೊಲದ ಮನೆ ಮುಂದೆ ದುರುಗಕ್ಕ ಕೈಯಲ್ಲಿ ಬುಟ್ಟಿ ಹಿಡಿದವಳು ಹಾಗೇ ನಿಂತಿದ್ದಳು. ಈ ಸಲವೂ ಪಾತ್ರೆ ಹೊರುವುದಕ್ಕೆ ಆಳುಗಳನ್ನು ಕರೆಸಿಟ್ಟಿದ್ದಳಂತೆ. ಮುಂದಿನ ಸೀಟಿನಿಂದ ನಾನು ಇಳಿದದ್ದನ್ನು ನೋಡಿ ಸೆರಗಿನಿಂದ ಮುಖ ಒರೆಸಿಕೊಂಡು, "ನಮ್ಮ ತಂಗಿ ಅನ್ನಪೂರ್ಣಿ ಮಾತು ಗಾಡಿ ಹತ್ತಿ ಬಂತು," ಅಂದಳು. ಮದುವೆ ಬಹಳ ಚೆನ್ನಾಗಿ ಆಯಿತು. ಉದ್ದ ಸೌಟಿನಿಂದ ನಾನೂ ಸ್ವಲ್ಪ ಹೊತ್ತು ಸಾರು ತಿರುವಿದೆ. ಮಣಿಕಟ್ಟು ಇವತ್ತಿಗೂ ನೋಯುತ್ತಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ.

ಹೊತ್ತಿಗೆ ಸರಿಯಾಗಿ ಉಣ್ಣು, ಸಾಲಿನಲ್ಲಿ ತಲೆ ಎತ್ತಿ ನಡೆ, ನಿನ್ನ ಗೆಳತಿಯರಿಗೂ ನನ್ನ ಹಾರೈಕೆ ತಿಳಿಸು. ಅಜ್ಜಮ್ಮ ನಿನ್ನನ್ನು ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ.

ನಿನ್ನ ಅಪ್ಪ,
ಬೀರಲಿಂಗಪ್ಪ

ಮರೆತಿದ್ದೆ: ಪರೇಡಿನ ಪಾಸಿಗೆ ಇಬ್ಬರ ಹೆಸರು ಕೊಡಬೇಕು, ಕೈತಪ್ಪಿ ಅವ್ವನ ಹೆಸರು ಬರೆದು ಹೊಡೆದುಹಾಕಿದೆ ಅಂತ ಬರೆದಿದ್ದೆಯಲ್ಲ. ಅವ್ವನ ಹೆಸರು ಹೊಡೆದುಹಾಕಿದ ಜಾಗದಲ್ಲಿ ದುರುಗಕ್ಕ ಅಂತ ಬರಿ. ಮದುವೆಯ ಗದ್ದಲದಲ್ಲೇ ಬರುತ್ತೀಯಾ ಅಂತ ಅವಳನ್ನು ಕೇಳಿದೆ, ಯಾವ ಸೀರೆ ಉಡಲಿ ಅಂತ ಅವಳು ಆಗಲೇ ಶುರು ಮಾಡಿದ್ದಾಳೆ. ಅದರ ಮೇಲಿನ ಸಾಲಿನಲ್ಲಿ ನನ್ನ ಹೆಸರು ಪೂರ್ತಿ ಬರಿ. ಅಂಚೆಯವನು ಬಂದುಬಿಟ್ಟ.