ಪುಷ್ಪಂ ಗುನುಗುತ್ತಿದ್ದ ಹಾಡು

ಕೋವಿಲ್‌ಪಟ್ಟಿ
೧೪-೮-೧೯೯೮

ಮುದ್ದು ಸೆಲ್ವಿಗೆ ಸೋದರತ್ತೆ ಪೇಚ್ಚಿಯಮ್ಮಾಳ್ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾಯಿತೆಂದು ಮುನಿಯಬೇಡ. ನಮ್ಮೂರಿನ ಅಂಚೆ ಡಬ್ಬಿಗೆ ಹಾಕಲು ಧೈರ್ಯ ಬರಲಿಲ್ಲ. ಇವತ್ತು ಕಣ್ಣು ತೋರಿಸುವ ನೆಪ ಹೇಳಿ ಇಲ್ಲಿಗೆ ಬಂದು, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಅಪ್ಪ ಗೊತ್ತುಮಾಡಿದ ಗಂಡನ್ನು ಒಲ್ಲೆನೆಂದು ಮನೆ ಬಿಟ್ಟವಳು, ಈಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ದಾಸನನ್ನು ರಿಜಿಸ್ಟರ್ ಮದುವೆಯಾಗುತ್ತೇನೆಂದು ಬರೆದಿದ್ದೀಯ. 'ಅತ್ತೆ, ಸಿನಿಮಾ ಹಾಡಲ್ಲಿ ಹೆಣ್ಣೇ ಗಂಡನ್ನ ಆರಿಸ್ಕೊಂಡ್ರೆ ಅಪ್ಪ ತಲೆದೂಗ್ತಾರೆ. ನಾನು ಆರಿಸ್ಕೊಂಡ್ರೆ ಯಾಕೆ ತಪ್ಪು?' ಎಂದು ಕೇಳಿದ್ದೀಯ. ಅದಕ್ಕೆ ನಿನ್ನ ಚಿಕ್ಕತ್ತೆ ಪುಷ್ಪಂ ವಿಷಯ ಹೇಳಬೇಕು. ಅವಳು ಜ್ವರದಿಂದ ಸತ್ತಳು ಎಂದಷ್ಟೇ ನಿನಗೆ ಗೊತ್ತು.

ಎಪ್ಪತ್ನಾಲ್ಕರಲ್ಲಿ ನಿನ್ನಪ್ಪ, ನಾನು, ಪುಷ್ಪಂ ಟೂರಿಂಗ್ ಟಾಕೀಸಿಗೆ ಹೋಗಿದ್ದೆವು. ತಾಳಿಗೆ ಕೊರಳು ಕೊಡುವವಳು ನಾನು, ಕಟ್ಟುವವನನ್ನು ಆರಿಸುವವಳೂ ನಾನೇ ಎಂದು ನಾಯಕಿ ಸೆರಗು ಸಿಕ್ಕಿಸಿ ಹಾಡಿದಾಗ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವನು ನಿನ್ನಪ್ಪ. ಆಮೇಲೆ ಪುಷ್ಪಂ ಬೆಂಕಿಪೊಟ್ಟಣಕ್ಕೆ ಕಡ್ಡಿ ತುಂಬುವಾಗಲೂ ಅದನ್ನೇ ಗುನುಗುತ್ತಿದ್ದಳು. "ಏನೇ, ನೀನೂ ಆರಿಸ್ಕೊಂಡ್ಯಾ?" ಎಂದು ಜೊತೆಯವರು ರೇಗಿಸಿದರೆ, "ಇನ್ನೇನು, ಸಂತೆಗೆ ಹೊಡ್ಕೊಂಡು ಬಂದಿರೋ ಮೇಕೆನಾ ನಾನು?" ಎನ್ನುತ್ತಿದ್ದಳು.

ನಿಜಕ್ಕೂ ಆರಿಸಿಕೊಂಡಿದ್ದಳು. ಲಾರಿ ಓಡಿಸುವ ಹುಡುಗ, ನಮ್ಮ ಜಾತಿಯವನಲ್ಲ. ಅವನೊಡನೆ ಹೊರಟುಹೋದಳು. ಒಂಬತ್ತನೆಯ ದಿನ ನಿನ್ನಪ್ಪ ಅವಳನ್ನು ಹೊಸ ಸೀರೆ ಉಡಿಸಿ ಮನೆಗೆ ಕರೆತಂದ. ಮಾರನೆಯ ಬೆಳಿಗ್ಗೆ ಜ್ವರ ಬಂದು ಹೋದಳೆಂದರು. ಮಧ್ಯಾಹ್ನದೊಳಗೆ ಸುಟ್ಟು ಮುಗಿಸಿದರು. ಹೆಂಗಸರಿಗೆ ಮುಖ ನೋಡಲೂ ಬಿಡಲಿಲ್ಲ.

ಮೊನ್ನೆ ನಿನ್ನಪ್ಪ ಎಂಟು ವರ್ಷದ ಮೇಲೆ ನನ್ನ ಜಗಲಿ ಹತ್ತಿದ. ಕೈಯಲ್ಲಿ ಹಲ್ವಾ, ಮುಖದಲ್ಲಿ ನಗು. "ಅಕ್ಕಾ, ಸೆಲ್ವಿ ಎಲ್ಲಿದಾಳೆ ಹೇಳು. ಕಾಲ ಬದಲಾಗಿದೆ. ನಾವೇ ಮುಂದೆ ನಿಂತು ಮದುವೆ ಮಾಡ್ತೀವಿ."

ಬೀದಿಯಲ್ಲಿ ಜೀಪು ನಿಂತಿತ್ತು. ಒಳಗೆ ನಿನ್ನ ಮಾವನ ಮಕ್ಕಳಿಬ್ಬರು. ಇಂಜಿನ್ ಆರಿಸಿರಲಿಲ್ಲ.

"ನಂಗೇನು ಗೊತ್ತಪ್ಪಾ? ಈ ಮುದುಕಿಗೆ ಯಾರು ಕಾಗದ ಬರೀತಾರೆ?" ಎಂದೆ.

ಅವನು ನಿಧಾನವಾಗಿ ನೀರು ಕುಡಿದ. "ತಿರುಪ್ಪೂರಿನ ಮುದ್ರೆ ಇತ್ತು ಅಂದನಲ್ಲ ಅಂಚೆಯವನು," ಎಂದು ಎದ್ದುಹೋದ.

ಆದ್ದರಿಂದ ಮಗಳೇ, ಈ ಕಾಗದ ಕೈಸೇರಿದ ದಿನವೇ ಹಾಸ್ಟೆಲ್ ಬಿಡು. ದಾಸನೂ ಕೋಣೆ ಬದಲಿಸಲಿ. ಅಮ್ಮನಿಗೆ ಹುಷಾರಿಲ್ಲವೆಂದು ಯಾರು ಬಂದು ಅತ್ತರೂ ಹೊರಡಬೇಡ. ಎಲ್ಲಿಗೆ ಹೋದೆಯೆಂದು ನನಗೂ ಬರೆಯಬೇಡ. ಇಬ್ಬರೂ ತಲೆ ನರೆಯುವ ತನಕ ಜೊತೆಯಾಗಿ ಬಾಳಿ.

ನಿನ್ನ ಅತ್ತೆ,
ಪೇಚ್ಚಿಯಮ್ಮಾಳ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಪುಷ್ಪಂ ಅಡಗಿದ್ದ ಮನೆ ನನಗೊಬ್ಬಳಿಗೇ ಗೊತ್ತಿತ್ತು. ಮದುವೆ ಮಾಡಿಸುತ್ತೇವೆಂದು ನಿನ್ನಪ್ಪ ಅಂದೂ ಹೀಗೇ ನಗುತ್ತಾ ಹೇಳಿದ. ನಂಬಿ ದಾರಿ ತೋರಿಸಿದೆ, ಜೊತೆಗೂ ಹೋದೆ. ಅವನು ಕರೆದಾಗ ಅವಳು ಬಾಗಿಲು ತೆಗೆಯಲಿಲ್ಲ. ಆಮೇಲೆ ನಾನು ಕರೆದೆ.