ಜೇನು ಮಾಡುತ್ತಿದ್ದ ಕೆಲಸ

ಹೆಮ್ಮಿಗೆ, ತಿ. ನರಸೀಪುರ ತಾಲ್ಲೂಕು
೨೪ ಮಾರ್ಚ್ ೨೦೨೫

ಲಿಖಿತಾಳ ಅಪ್ಪನಿಗೆ ಸುನೀತಾಳ ನಮಸ್ಕಾರಗಳು.

ಹೇಗಿದ್ದೀರಿ? ಕೊಡಗಿನ ಚಳಿಗೆ ಮೊಣಕಾಲು ನೋವು ಹೆಚ್ಚಾಗಿಲ್ಲ ತಾನೇ? ಹೊತ್ತಿಗೆ ಸರಿಯಾಗಿ ಉಣ್ಣಿ. ಜೇನಿಗೆ ಸಕ್ಕರೆ ಪಾಕ ಇಡುವುದನ್ನು ಮರೆಯದ ನೀವು, ನಿಮಗೊಂದು ಲೋಟ ಕಾಫಿ ಕಾಯಿಸಿಕೊಳ್ಳುವುದಕ್ಕೆ ಸೋಮಾರಿ ಅಂತ ನನಗೆ ಗೊತ್ತಿಲ್ಲವೇ? ಕಾಫಿ ಹೂವಿಗೆಂದು ನೀವು ಜೇನುಪೆಟ್ಟಿಗೆ ಒಯ್ದಿರುವ ಆ ಎಸ್ಟೇಟ್‌ನಲ್ಲಿ ಸಿಗ್ನಲ್ ಸಿಗದೆ ಫೋನ್ ಮಾಡಿ ಮಾಡಿ ಸಾಕಾಯಿತು. ಶಿವರಾಜು ಬಾಳೆಗೊನೆ ತುಂಬಿಕೊಂಡು ವ್ಯಾನಿನಲ್ಲಿ ಆ ಕಡೆಗೇ ಬರುತ್ತಾನಂತೆ, ಅವನ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಲಿಖಿತಾ ಚೆನ್ನಾಗಿದ್ದಾಳೆ. ಅಂಗನವಾಡಿಯಲ್ಲಿ ಕಲಿತ ಹಾಡನ್ನೆಲ್ಲ ಕರುವಿಗೆ ಹೇಳಿಕೊಡುತ್ತಾಳೆ.

ಇನ್ನು ನಿಮ್ಮಣ್ಣ ಹಾಕಿದ ಕುಂಬಳದ ಹೊಲದ ಸುದ್ದಿ. ಕಾಯಿ ಕಚ್ಚಲಿ ಅಂತ ನೀವು ಬದುವಿನ ಮೇಲೆ ಬಿಟ್ಟುಹೋದ ಎರಡು ಪೆಟ್ಟಿಗೆ ಜೇನೂ ಹೋಯಿತು. ಎಲೆಗೆ ಕೆಂಪು ಹುಳ ಬಿದ್ದು ಭಾವ ಕಂಗಾಲಾಗಿದ್ದರು. ಔಷಧಿ ಹೊಡೆಯಬೇಡಿ ಅಂತ ಹೇಗೆ ಹೇಳಲಿ? ಅವರು ಬೆಳೆದರೆ ತಾನೇ ನಾವೆಲ್ಲ ಉಣ್ಣುವುದು. ಸಂಜೆ ಹೊಡೆಸಿ, ಅಷ್ಟರಲ್ಲಿ ಜೇನು ಗೂಡು ಸೇರಿರುತ್ತವೆ ಅಂದೆ. "ಮೋಟ್ರಿಗೆ ತ್ರೀ ಫೇಸ್ ಕರೆಂಟು ಕೊಡೋದು ಬೆಳಿಗ್ಗೆ ಕಣವ್ವ. ಅದೇನು ನಿನ್ ಜೇನ ಕೇಳ್ಕಂಡು ಬತ್ತದಾ?" ಅಂದರು. ನೀರು ತುಂಬಿಟ್ಟುಕೊಳ್ಳೋಣವೆಂದರೆ, ಔಷಧಿ ಹೊಡೆಯುವವನು ಮಧ್ಯಾಹ್ನದ ಮೇಲೆ ಸಿಗುವುದಿಲ್ಲ.

ನೀವು ಹೇಳಿಕೊಟ್ಟ ಹಾಗೆ ಹಿಂದಿನ ಸಂಜೆಯೇ ಪೆಟ್ಟಿಗೆಯ ಬಾಯಿಗೆ ಜಾಲರಿ ಕಟ್ಟಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಬೆಳಿಗ್ಗೆ ಔಷಧಿಯವನು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಒಳಗಿನ ಮೊರೆತ ಕೇಳಲಾಗದಷ್ಟು ಜೋರಾಯಿತು. ಸೆಕೆಗೆ ಬೆಂದು ಸಾಯುತ್ತವಲ್ಲ ಅಂತ ಜಾಲರಿ ಬಿಚ್ಚಿದೆ. ಬಿಚ್ಚಿದ್ದೇ ತಡ, ಎಲ್ಲವೂ ಹೂವಿಗೆ ಓಡಿದವು. ಅದೇ ಹೊತ್ತಿಗೆ ಅವನು ಬೈಕಿನಲ್ಲಿ ಬಂದಿಳಿದ. ವಾಪಸು ಕಳಿಸಿದರೆ ಇನ್ನು ಸಿಗುವುದಿಲ್ಲ. ಅತ್ತ ದರಿ ಇತ್ತ ಪುಲಿ. ಮಧ್ಯಾಹ್ನದೊಳಗೆ ಪೆಟ್ಟಿಗೆಯ ಮುಂದೆಲ್ಲ ನಾಲಿಗೆ ಚಾಚಿಕೊಂಡು ಬಿದ್ದಿದ್ದವು. ಕೆಲವು ಬಿದ್ದಲ್ಲೇ ಗಿರಗಿರ ಸುತ್ತುತ್ತಿದ್ದವು. ನಾನು ಅತ್ತುಬಿಟ್ಟೆ ಕಣ್ರೀ. ಭಾವನೂ ತಲೆಯ ಟವೆಲ್ ತೆಗೆದು ನಿಂತರು. ಅವರೇನು ಕೆಟ್ಟವರಲ್ಲ.

ಆಮೇಲೆ ಹೀಚುಗಳೆಲ್ಲ ಹಳದಿ ತಿರುಗಿ ಉದುರತೊಡಗಿದವು. ಭಾವನ ಮುಖ ನೋಡಲಾರದೆ ನಾನೇ ಗಂಡು ಹೂವು ಕಿತ್ತು, ಎಸಳು ಸುಲಿದು, ಒಂದೊಂದು ಹೆಣ್ಣು ಹೂವಿಗೂ ಸವರಿದೆ. ಕಾಯಿ ಕಚ್ಚಿತು! "ನಮ್ ಸುನೀತನೇ ಜೇನಿಗಿಂತ ವಾಸಿ ಕಣ್ಲಾ, ಪೆಟ್ಗೆ ಯಾಕ್ ಬೇಕು?" ಅಂತ ಭಾವ ಊರೆಲ್ಲ ಹೇಳಿಕೊಂಡು ಬಂದರು. ಬಿಸಿಲೇರಿದರೆ ಹೂವು ಮುಚ್ಚಿಕೊಳ್ಳುತ್ತದೆ, ಅಷ್ಟರೊಳಗೆ ಹೊಲ ಪೂರ್ತಿ ಬಗ್ಗಿಯೇ ನಡೆಯಬೇಕು. ಈಗ ಪಕ್ಕದ ಹೊಲದವರೂ ಕರೆಯುತ್ತಿದ್ದಾರೆ, ಭಾವ ಹೂಂ ಅಂದಿದ್ದಾರೆ. ಜೇನಿಲ್ಲವಲ್ಲ, ಔಷಧಿ ಹೊಡೆಯುವುದಕ್ಕೂ ಇನ್ನು ಹೊತ್ತುಗೊತ್ತಿಲ್ಲ. ಎಲೆ ತಾಗಿ ಮೊಣಕೈವರೆಗೂ ಉರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇನೆ, ಗಾಬರಿಯಾಗಬೇಡಿ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಸ್ವೆಟರ್ ಹಾಕಿಕೊಳ್ಳಬೇಕಂತೆ.

ಇಂತಿ ನಿಮ್ಮ
ಸುನೀತಾ

ಇನ್ನೊಂದು ಮಾತು, ಶಿವರಾಜು ಹಾರ್ನ್ ಹೊಡೆಯುತ್ತಿದ್ದಾನೆ. ಯುಗಾದಿಗೆ ಪೆಟ್ಟಿಗೆಗಳನ್ನೆಲ್ಲ ವಾಪಸು ತರುತ್ತೇನೆ ಅಂದಿದ್ದಿರಿ. ತರಬೇಡಿ, ಅವೂ ಸಾಯುತ್ತವೆ. ಬರಿಗೈಲಿ ಬಂದು ನನ್ನನ್ನೂ ಲಿಖಿತಾಳನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ. ಹಾಗಾದರೆ ಕುಂಬಳದ ಗತಿಯೇನು ಅಂತ ಭಾವ ಕೇಳುತ್ತಾರೆ. ಆಗ ನನ್ನನ್ನು ಮಾತ್ರ ಕೇಳಬೇಡಿ. ಅವರ ಮುಖ ನೋಡಿದರೆ ಇಲ್ಲೇ ಇರುತ್ತೇನೆ ಅಂದುಬಿಡುತ್ತೇನೆ.