ಒಂಬತ್ತನೆಯ ದಿನ ಮರಳಿದ ಯಾತ್ರಿಕ

ತಿಕೋಟಾ,
ತಾ. ೧೨-೨-೧೯೬೫, ಶುಕ್ರವಾರ

ಸೌಭಾಗ್ಯವತಿ ಸಾವಂತ್ರವ್ವಳಿಗೆ,

ನಿನ್ನ ಹೆಸರು ಬರೆದು ಒಂದು ಗಳಿಗೆ ಅದನ್ನೇ ನೋಡುತ್ತ ಕುಳಿತೆ. ಬೇಲೀಫನ ನೌಕರಿಯಲ್ಲಿ ಸಮನ್ಸು ಹಿಡಿದು ಈ ಸೀಮೆಯ ಎಷ್ಟು ಹೆಣ್ಣುಮಕ್ಕಳ ಹೆಸರನ್ನು ಅವರವರ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೂಗಿಲ್ಲ! ನಿನ್ನದನ್ನು ಮಾತ್ರ ಮದುವೆಯಲ್ಲಿ ಒಡಪು ಹಾಕಿ ಒಂದು ಸಲ ಹೇಳಿದ್ದೆ, ಅಷ್ಟೇ. ಆಮೇಲಿನ ಮೂವತ್ತೆಂಟು ವರ್ಷ ‘ಏ, ಕೇಳೇನ’ ಎಂಬುದರಲ್ಲೇ ಸಂಸಾರ ಸಾಗಿತು. ಇರಲಿ. ನಿನ್ನ ಮೊಣಕಾಲು ಹೇಗಿವೆ? ನಾಸಿಕದಲ್ಲಿ ಚಳಿ ಜೋರೆಂದು ಕೇಳಿದ್ದೇನೆ. ಧರ್ಮಶಾಲೆಯ ಕಲ್ಲುಹಾಸಿನ ಮೇಲೆ ಬರೀ ಚಾಪೆ ಹಾಸಿ ಮಲಗಬೇಡ, ಕೌದಿಯನ್ನು ಕೆಳಗೆ ಹಾಸಿಕೋ. ರಾಚವ್ವಕ್ಕನ ಕೆಮ್ಮು ಇಳಿಯಿತೇ? ಇಳಿದಿರಬೇಕು, ಇಲ್ಲದಿದ್ದರೆ ನಿನ್ನ ಅಕ್ಕ ಯಾತ್ರೆಗೆ ಬಂದ ಅಷ್ಟು ಮಂದಿಯನ್ನು ಬೈದು ಬೈದು ನಡೆಸುವುದು ಹೇಗೆ ಸಾಧ್ಯ. ಇತ್ತ ನಾವೆಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಾನು, ನಮ್ಮ ಎಮ್ಮೆ ಚಿಗರಿ, ಅದರ ಕರು ಮತ್ತು ಬೆಕ್ಕು. ಬೆಕ್ಕಿಗೆ ನೀನು ಹೋದದ್ದು ಇನ್ನೂ ಗೊತ್ತಾಗಿಲ್ಲ. ನಾನು ಬಂದದ್ದೂ ಗೊತ್ತಾದಂತಿಲ್ಲ.

ನಿನ್ನ ಕಾರ್ಡು ಬುಧವಾರ ಮುಟ್ಟಿತು. ಮುಂಬಯಿಯಲ್ಲಿ ಸಮುದ್ರ ನೋಡಿ, ‘ಇಷ್ಟ ನೀರ ಒಂದ ಕಡೆ ಸುಮ್ಮನ ಬಿದ್ದದ್ದ ನೋಡಿ ನನಗ ಸಿಟ್ಟ ಬಂತ್ರಿ’ ಎಂದು ಬರೆದಿದ್ದೀ. ಭೂತನಾಳದ ಕೆರೆ ತುಂಬಿದರೆ ಹಬ್ಬ ಮಾಡುವ ನಮಗೆ ಸಿಟ್ಟು ಬರುವುದು ನ್ಯಾಯವೇ. ಅಸಲು ಮಾತನ್ನು ನೀನು ಜಾಗ ಸಾಲದೆ ಕಾರ್ಡಿನ ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದೀ: ರಾಚವ್ವಕ್ಕನ ಮೇಳ ಇದೇ ಇಪ್ಪತ್ತಕ್ಕೆ ನಾಸಿಕ ಬಿಟ್ಟು ಕಾಶಿಗೆ ಹೊರಡುತ್ತದೆ, ಶಿವರಾತ್ರಿ ಅಲ್ಲಿಯೇ, ತಿರುಗಿ ಬರುವುದು ಯುಗಾದಿಗೆ. ‘ನೀವು ಹ್ಞೂಂ ಅಂದ್ರ ಹೋಗತೇನಿ. ಇಲ್ಲಂದ್ರ ಇಪ್ಪತ್ತರೊಳಗ ಮನಿಗೆ ಬರತೇನಿ.’ ಹೊರಡುವಾಗ ನೀನು ಹೇಳಿದ್ದು ಹದಿನೈದು ದಿನ. ಮುಂಬಯಿಗೆಂದು ಒಂದು ವಾಯಿದೆ ಪಡೆದೆ, ನಾಸಿಕಕ್ಕೆಂದು ಇನ್ನೊಂದು. ಇದು ಮೂರನೆಯ ವಾಯಿದೆ. ಇಂದಿಗೆ ನಲವತ್ತೊಂದು ದಿನವಾಯಿತು. ಇಷ್ಟು ವಾಯಿದೆ ಕೇಳಿದ ಕಕ್ಷಿದಾರರನ್ನು ಜಡ್ಜಸಾಹೇಬರು ಹೇಗೆ ನೋಡುತ್ತಿದ್ದರೆಂಬುದನ್ನು ನಾನು ಬಲ್ಲೆ. ಆದರೆ ಸಾಕ್ಷಿ ಪುರಾವೆ ಕೇಳದೆ ಹುಕುಂ ಕೊಡುವುದು ಕೋರ್ಟಿನ ಅನ್ನ ಉಂಡವನಿಗೆ ಶೋಭಿಸುವುದಿಲ್ಲವಾದ್ದರಿಂದ, ಪ್ರಕರಣವನ್ನು ಮೊದಲಿನಿಂದ ತೆಗೆದುಕೊಳ್ಳುತ್ತೇನೆ.

ಮೊದಲು ನನ್ನ ಮೇಲಿನ ಆರೋಪ. ಕರೆಪ್ಪನ ಚಹಾದ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಾನು ಹತ್ತು ವರ್ಷ ಒಂದೇ ಮಾತು ಆಡಿದ್ದು ಇಡೀ ತಿಕೋಟಾಕ್ಕೆ ಗೊತ್ತು: ‘ಪೆನ್ಶನ್ ಒಂದ ಆಗಲಿ, ಮನಿ ಕೀಲಿ ಹಾಕ್ಕೊಂಡು ಹೊಂಟ್ವಿ ಅಂದ್ರ ಆರ ತಿಂಗಳ ಈ ಕಡೆ ಮುಖಾ ಹಾಕಂಗಿಲ್ಲ.’ ಪೆನ್ಶನ್ ಆಯಿತು, ಹೊರಟೆವು. ಪಂಢರಪುರದಲ್ಲಿ ನಾಲ್ಕು ದಿನ ನಾನು ಬಹಳ ಸಂತೋಷವಾಗಿದ್ದೆ. ಐದನೆಯ ದಿನದಿಂದ ಸಂತೋಷವಾಗಿದ್ದೇನೆ ಎಂದು ಎಲ್ಲರಿಗೂ ಹೇಳತೊಡಗಿದೆ. ಹಾಗೆ ಹೇಳಬೇಕಾಗಿ ಬಂತೆಂದರೆ ಅದು ಮುಗಿಯಿತೆಂದೇ ತಿಳಿ. ಆರನೆಯ ದಿನ ಪುಣೆಯಲ್ಲಿ ಎಲೆಯ ಮುಂದೆ ಕುಳಿತು, ಉಣ್ಣುವುದಂತಿರಲಿ, ರೊಟ್ಟಿ ಬಡಿಯುವ ಸಪ್ಪಳವಾದರೂ ಕೇಳಲಿ ಎನ್ನಿಸಿತು. ಏಳನೆಯ ದಿನ ನೀವೆಲ್ಲ ದರ್ಶನಕ್ಕೆ ಸಾಲು ಹಚ್ಚಿ ನಿಂತಾಗ ನಾನು ಎಲ್ಲಿಗೆ ಹೋಗಿದ್ದೆನೆಂದು ನೀನು ಕೇಳಿದ್ದೆ, ನಾನು ‘ಪ್ಯಾಟಿ ನೋಡಾಕ’ ಎಂದಿದ್ದೆ. ಅದು ಸುಳ್ಳು. ಒಬ್ಬ ಗವಳಿಯ ಹಿತ್ತಲಲ್ಲಿ ನಿಂತು ಅವನ ಎಮ್ಮೆಯ ಬೆನ್ನು ಸವರುತ್ತಿದ್ದೆ. ಅವನು ಕಳ್ಳನೆಂದು ಬಡಿಗೆ ತಂದ. ‘ನಾನು ಕೋರ್ಟಿನ ಮನುಷ್ಯ’ ಎಂದೆ. ಅದಕ್ಕೆ ಇನ್ನಷ್ಟು ಹೆದರಿ ಎರಡು ಲೋಟ ಹಾಲು ಕುಡಿಸಿದ. ಹಾಲು ತೆಳ್ಳಗಿತ್ತು. ಒಂಬತ್ತನೆಯ ದಿನ, ‘ನಾ ಇಲ್ಲದ ಚಿಗರಿ ಕಣಿಕಿ ಮುಟ್ಟಿರಾಕಿಲ್ಲ’ ಎಂದು ಸಾರಿ ನಾನು ಒಬ್ಬನೇ ಸೊಲ್ಲಾಪುರದ ಗಾಡಿ ಹತ್ತಿದೆ. ನೀನು ಕಿಡಕಿಯಿಂದ ಡಬ್ಬಿ ಕೊಟ್ಟು ‘ಜ್ವಾಕಿಲೆ ಹೋಗ್ರಿ, ಚಟ್ನಿ ಬ್ಯಾರೆ ಇಟ್ಟೇನಿ’ ಎಂದೆ. ನಿನ್ನ ಹಿಂದೆ ನಿಂತ ರಾಚವ್ವಕ್ಕ ನನಗೆ ಕೇಳಿಸಲೆಂದೇ ಅಂದದ್ದು ಈಗಲೂ ಕಿವಿಯಲ್ಲಿದೆ: ‘ಸಾವಂತ್ರಿ, ನಿನ್ನ ಗಂಡಗ ದೇವರಕಿಂತ ಎಮ್ಮಿ ಹತ್ತರ ಆಗೇತಿ ನೋಡವ್ವಾ. ಹೋಗಲಿ ಬಿಡು, ನಮಗ ಸಾಮಾನ ಒಂದ ಕಡಿಮಿ ಆತು.’

ಊರಿಗೆ ಬಂದು ಬಸ್ಸಿನಿಂದ ಇಳಿದವನೇ ಕಾಲು ಸಹ ತೊಳೆಯದೆ ಪಕ್ಕದ ಮನೆಯ ತಿಪ್ಪವ್ವನ ಹಿತ್ತಲಿಗೆ ನುಗ್ಗಿದೆ. ನೀನು ಎಮ್ಮೆಯನ್ನು ಅವಳ ಕೈಗೊಪ್ಪಿಸಿ ಹೋಗಿದ್ದೆಯಲ್ಲ. ಉಪವಾಸದಿಂದ ಎಲುಬಾಗಿರಬೇಕಾದ ಚಿಗರಿ ಹತ್ತಿಕಾಳು ಮೆಲುಕು ಹಾಕುತ್ತ, ಮೊದಲಿಗಿಂತ ಒಂದು ಸುತ್ತು ದಪ್ಪವಾಗಿ ನಿಂತಿತ್ತು. ನನ್ನನ್ನು ನೋಡಿ ಮುಖ ತಿರುಗಿಸಿತು. ತಪ್ಪು ಅದರದಲ್ಲ. ಶನಿವಾರ ಸೈಕಲ್ಲಿನ ಮೇಲೆ ಬಂದು ಸೋಮವಾರ ವಿಜಾಪುರಕ್ಕೆ ಹೋಗುವ ಗಂಡ ನಾನು, ಹಾಲು ಹಿಂಡುವ ನಿನ್ನ ಗುರುತು ಅದಕ್ಕೆ, ಹಾಲು ಕುಡಿಯುವ ನನ್ನ ಗುರುತು ಯಾತಕ್ಕೆ? ಆದರೆ ಪುಣೆಯಲ್ಲಿ ಅಷ್ಟು ದೊಡ್ಡ ಮಾತಾಡಿ ಬಂದವನು ಸುಮ್ಮನಿರಲಿಕ್ಕಾಗುತ್ತದೆಯೇ? ಎಮ್ಮೆಯನ್ನು ಹೊಡೆದುಕೊಂಡು ನಮ್ಮ ಮನೆಗೆ ತಂದೆ. ಸಂಜೆಗೆ ಚರಗಿ ಹಿಡಿದು ಕುಳಿತೆ. ಅದು ಒದ್ದದ್ದು ಚರಗಿಗೆ, ಬಿದ್ದದ್ದು ನಾನು. ತಿಪ್ಪವ್ವ ಗೋಡೆಯ ಮೇಲಿಂದ ಹಣಿಕಿ ಹಾಕಿ, ನೀನು ಅವಳಿಗೆ ಇಟ್ಟುಹೋದ ಹಳೆಯ ಕರಿ ಚೌಕಡಿ ಸೀರೆಯನ್ನು ಈಚೆಗೆ ಎಸೆದಳು. ‘ಇದನ್ನ ಉಟ್ಟ ಕುಂಡ್ರಿ ಯಪ್ಪಾ. ನಾನೂ ಇದನ್ನ ಉಟ್ಟ ಹಿಂಡತಿದ್ದೆ. ಅದಕ ಸಾವಂತ್ರಕ್ಕನ ವಾಸನಿ ಬೇಕು.’ ಉಟ್ಟೆ. ನಿವೃತ್ತ ಬೇಲೀಫ, ಮೀಸೆಯ ಮನುಷ್ಯ, ಸೆರಗು ಹೊತ್ತು ಕುಳಿತೆ. ಆದರೂ ಒದ್ದಿತು. ತಿಪ್ಪವ್ವ ಬಿದ್ದು ಬಿದ್ದು ನಕ್ಕಳು: ‘ಸೀರಿ ಉಟ್ಟೀರಿ ಖರೆ, ಬಳಿ ಎಲ್ಲೈತ್ರಿ? ಅದಕ ಕಣ್ಣಿಗಿಂತ ಕಿವಿ ಚುರುಕ ಐತಿ.’ ನನ್ನ ಮಣಿಕಟ್ಟಿಗೆ ಬಳೆ ಏರಲಿಲ್ಲ, ದಾರಕ್ಕೆ ಐದು ಗಾಜಿನ ಬಳೆ ಪೋಣಿಸಿ ಕಟ್ಟಿದಳು. ಹಾಡನ್ನೂ ಅವಳೇ ಹೇಳಿಕೊಟ್ಟಳು. ಹಿಂಡುವಾಗ ನೀನು ಸಣ್ಣ ದನಿಯಲ್ಲಿ ಬೀಸುವ ಹಾಡು ಅನ್ನುತ್ತೀ ಎಂಬುದು ನನಗೆ ನೆರೆಮನೆಯವಳಿಂದ ತಿಳಿಯಿತು. ಎರಡು ದಿನ ಅವಳೇ ಹಿಂಡಿಕೊಟ್ಟಳು, ಮೂರನೆಯ ದಿನಕ್ಕೆ ಚಿಗರಿ ನಿಟ್ಟುಸಿರು ಬಿಟ್ಟು ನನಗೂ ಹಾಲು ಇಳಿಸಿತು.

ಈಗ ಹೇಳುವುದನ್ನು ರಾಚವ್ವಕ್ಕನಿಗೆ ಓದಿ ಹೇಳಬೇಡ. ಹೋದ ಸೋಮವಾರ ಮುಂಜಾನೆ ಕರೆಪ್ಪ ಅಂಗಡಿಯ ಹಾಲಿಗೆಂದು ಹಿತ್ತಲಿಗೆ ಬಂದ. ನನ್ನ ಬೆನ್ನು ಅವನ ಕಡೆಗಿತ್ತು. ‘ಅಕ್ಕಾರ! ಬಂದ್ರೇನ್ರಿ? ಆರಾಮ ಅದೀರಿ?’ ಎಂದ. ಆಗಷ್ಟೇ ಹಾಲು ಇಳಿಯುತ್ತಿತ್ತು. ನನ್ನ ದನಿ ತೆಗೆದರೆ ಎಮ್ಮೆ ಹಾಲು ಏರಿಸಿಬಿಡುತ್ತದೆಂದು ಸೆರಗಿನೊಳಗೇ ತಲೆಯಾಡಿಸಿದೆ. ಅವನು ಹಾಲನ್ನೂ ಒಯ್ಯದೆ ಓಡಿದ. ಚರಗಿ ತುಂಬುವಷ್ಟರಲ್ಲಿ ಓಣಿಯ ಆರು ಹೆಣ್ಣುಮಕ್ಕಳು ಬಿಂದಿಗೆ ನೀರು, ಅರಿಷಿಣ, ಕುಂಕುಮ ಹಿಡಿದು ಹಿತ್ತಲಲ್ಲಿ ನಿಂತಿದ್ದರು, ಯಾತ್ರೆ ಮಾಡಿ ಬಂದ ಸಾವಂತ್ರವ್ವನ ಪಾದ ತೊಳೆದು ಪುಣ್ಯದಲ್ಲಿ ಪಾಲು ಪಡೆಯಲು! ನಾನು ಎದ್ದು ನಿಂತೆ. ಬಳೆ ಸಪ್ಪಳವಾಯಿತು. ಮೀಸೆ ಕಂಡಿತು. ಹೆಣ್ಣುಮಕ್ಕಳು ಬಾಯಿಗೆ ಸೆರಗು ಇಟ್ಟುಕೊಂಡರು. ತಿಪ್ಪವ್ವ ಮಾತ್ರ, ‘ನಿಲ್ರೆವ್ವಾ, ತಂದ ನೀರ ಯಾಕ ತಿರಿಗಿ ಒಯ್ತೀರಿ? ಇವರೂ ಪಂಢರಪುರಕ್ಕ ಹೋಗಿ ಬಂದಾರಲ್ಲ. ಬಂದು ತಿಂಗಳಾತು, ಯಾರರೆ ಕಾಲಿಗೆ ನೀರ ಹಾಕೀರೇನು?’ ಎಂದಳು. ಆಗ ಎಲ್ಲರಿಗಿಂತ ಹಿರಿಯಳಾದ ಹುಚ್ಚವ್ವ ಮುದುಕಿ ಬಹಳ ಯೋಚಿಸಿ ಜಡ್ಜಸಾಹೇಬರಂತೆ ನಿಕಾಲಿ ತೀರ್ಪು ಕೊಟ್ಟಳು: ‘ಅರ್ಧಾ ಯಾತ್ರಿ ಅಲ್ಲೇನಬೇ, ಒಂದ ಕಾಲ ತೊಳೀರಿ ಸಾಕು.’ ಒಂದೇ ಕಾಲು ತೊಳೆದರು. ನನ್ನ ಎಡಗಾಲು ಇನ್ನೂ ಪಾಪದಲ್ಲಿಯೇ ಇದೆ.

ಮರುದಿನವೇ ಸೀರೆ ಒಗೆದೆ. ಅದರ ನಾತಕ್ಕೆ ಬೆಕ್ಕು ಕೂಡ ಹತ್ತಿರ ಬರುತ್ತಿರಲಿಲ್ಲ. ಚಿಗರಿ ಒಗೆದ ಸೀರೆಯನ್ನು ಮೂಸಿ, ಸುಳ್ಳು ಸಾಕ್ಷಿ ಹೇಳಿದವನನ್ನು ಜಡ್ಜಸಾಹೇಬರು ನೋಡುವಂತೆ ನನ್ನನ್ನು ನೋಡಿತು. ಈಗ ಅರ್ಧ ಹಾಲು ಕೊಡುತ್ತದೆ. ರೊಟ್ಟಿ ನಾನು ಬಡಿದರೆ ನಕಾಶೆಯಾಗುತ್ತದೆ. ಸಂಕ್ರಾಂತಿಗೆ ತಿಪ್ಪವ್ವ ಕೊಟ್ಟ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಒಬ್ಬನೇ ಕುಳಿತು ತಿಂದೆ, ಅದಕ್ಕೆ ರುಚಿ ಇತ್ತು, ತಿನ್ನುವವನಿಗೆ ಇರಲಿಲ್ಲ. ಇವೆಲ್ಲ ನೀನು ಇಪ್ಪತ್ತರೊಳಗೆ ಬರಬೇಕೆಂಬುದಕ್ಕೆ ಪುರಾವೆಗಳು. ದಾಖಲೆಗೆ ಹಚ್ಚಿದ್ದೇನೆ.

ಇನ್ನೊಂದು ಪುರಾವೆ ಉಳಿದಿದೆ, ಅದು ನನ್ನ ಕಡೆಯದಲ್ಲ. ಹೋದ ತಿಂಗಳ ಕೊನೆಗೆ ಪೆನ್ಶನ್ ಕೆಲಸಕ್ಕೆ ವಿಜಾಪುರಕ್ಕೆ ಹೋದವನಿಗೆ ಗಾಂಧಿ ಚೌಕದಲ್ಲಿ ಹಳೆಯ ಗೆಳೆಯರು ಸಿಕ್ಕರು, ಮಾತಿನಲ್ಲಿ ಸಂಜೆಯ ಬಸ್ಸು ತಪ್ಪಿತು. ಸೀರೆ ಮನೆಯೊಳಗೆ, ಕೀಲಿ ನನ್ನ ಜೇಬಿನಲ್ಲಿ. ತಿಪ್ಪವ್ವ ಬರಿಗೈಯಲ್ಲಿ ಏನು ಮಾಡಿಯಾಳು. ಮರುದಿನ ಬಂದು ನೋಡಿದರೆ ಚಿಗರಿಯ ಕೆಚ್ಚಲು ಕಲ್ಲಾಗಿತ್ತು, ಮುಟ್ಟಿದರೆ ನಡುಗುತ್ತಿತ್ತು. ಬಿಸಿನೀರಿನ ಬಟ್ಟೆ ಹಿಡಿದು ಅರ್ಧ ದಿನ ಅದರ ಪಕ್ಕದಲ್ಲಿ ಕುಳಿತೆ. ಕುಳಿತಾಗ ನಿನ್ನ ಅವ್ವನ ನೆನಪಾಯಿತು. ಬಬಲೇಶ್ವರದಲ್ಲಿ ಅವರು ಹಾಸಿಗೆ ಹಿಡಿದ ಆ ಎಂಟು ದಿನ, ನೀನು ಮುಂಜಾನೆಯ ಹಾಲು ಹಿಂಡಿ ಗಾಡಿ ಹತ್ತುತ್ತಿದ್ದೆ. ಹೋಗಲು ಮೂರು ತಾಸು, ಬರಲು ಮೂರು ತಾಸು, ಅವ್ವನ ಹತ್ತಿರ ಎರಡು ತಾಸು. ತವರಿನಿಂದ ನಿನ್ನೊಡನೆ ಬಳುವಳಿಯಾಗಿ ಬಂದ ಎಮ್ಮೆಯ ಮಗಳು, ಚಿಗರಿಯ ಮುತ್ತಜ್ಜಿ, ಇಲ್ಲಿ ಕಾಯುತ್ತಿತ್ತು. ಅವ್ವ ತೀರಿದ್ದು ದೀಪ ಹಚ್ಚುವ ಹೊತ್ತಿಗೆ. ನೀನು ಆಗ ಇದೇ ಕಲ್ಲಿನ ಮೇಲೆ ಚರಗಿ ಹಿಡಿದು ಕುಳಿತಿದ್ದೆ. ನಾನು ಅರಕೇರಿಯಲ್ಲಿ ಯಾರದೋ ಬದುವಿನ ಜಗಳದ ಸಮನ್ಸು ಹಿಡಿದು ತಿರುಗುತ್ತಿದ್ದೆ. ಶನಿವಾರ ಬಂದವನು ನಿನಗೆ ಅಂದದ್ದೇನು ಗೊತ್ತೇ? ‘ಒಂದ ಹೊತ್ತ ಹಿಂಡದಿದ್ರ ಏನ ಆಗತಿತ್ತು?’ ನೀನು ಚರಗಿ ತೆಗೆದುಕೊಂಡು ಹಿತ್ತಲಿಗೆ ಹೋದೆ. ಹದಿನೆಂಟು ವರ್ಷದ ಮೇಲೆ ಉತ್ತರವನ್ನು ನಾನೇ ಕೈಯಿಂದ ಮುಟ್ಟಿ ನೋಡಿದೆ. ನಿನ್ನ ತಮ್ಮ ಅಮೋಘಿಯ ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಕೂಡಲೇ ಊಟಕ್ಕೂ ನಿಲ್ಲದೆ ಗಾಡಿ ಹತ್ತಿದ್ದೂ ನೀನೇ, ಹೋಳಿಗೆ ಉಂಡು ಎರಡು ದಿನ ಮಲಗಿ ಬಂದದ್ದು ನಾನು. ಮೂವತ್ತು ವರ್ಷ ಊರೂರು ತಿರುಗಿದವನಿಗೆ ಒಂಬತ್ತು ದಿನಕ್ಕೆ ಮನೆ ನೆನಪಾದದ್ದು ಸಹಜ. ತಿರುಗದವಳಿಗೆ ಎಷ್ಟು ದಿನಕ್ಕೆ ನೆನಪಾಗಬೇಕೆಂಬುದಕ್ಕೆ ಯಾವ ಕಾಯ್ದೆಯಲ್ಲೂ ಕಲಮು ಸಿಗಲಿಲ್ಲ.

ಲಕೋಟೆ ದಪ್ಪವಾಯಿತು. ರಾಚವ್ವಕ್ಕನಿಗೆ ನಮಸ್ಕಾರ ತಿಳಿಸು, ನಾನು ಆರೋಗ್ಯವಾಗಿಯೂ ಗಂಭೀರವಾಗಿಯೂ ಇದ್ದೇನೆಂದು ಹೇಳು. ಮೇಳದ ಎಲ್ಲ ಅವ್ವಂದಿರಿಗೂ ಶರಣು. ತಿಪ್ಪವ್ವ ನಿನ್ನನ್ನು ಕೇಳಿದ್ದಾಳೆ. ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ದೇವರು ನಿನ್ನ ಕಾಲಿಗೂ ಕಣ್ಣಿಗೂ ಬಲ ಕೊಡಲಿ.

ನಿನ್ನ,
ಗೊಲ್ಲಾಳಪ್ಪ
(ನಿವೃತ್ತ ಬೇಲೀಫ, ಹಾಲಿ ವಸ್ತಿ, ಎಮ್ಮೆಯ ಮಗ್ಗುಲು)

ತಾ.ಕ.: ಟಪಾಲಿನವ ಬಾಗಿಲಲ್ಲಿ ನಿಂತು ‘ಆತೇನ್ರಿ?’ ಎಂದು ಅವಸರ ಮಾಡುತ್ತಿದ್ದಾನೆ, ಇಷ್ಟೆಲ್ಲ ಬರೆದು ನಿನ್ನ ಪ್ರಶ್ನೆಗೆ ಉತ್ತರವನ್ನೇ ಬಿಟ್ಟಿದ್ದೆ. ಹ್ಞೂಂ. ಹೋಗು. ಅರ್ಧ ಹಾಲು ಒಬ್ಬ ಮನುಷ್ಯನಿಗೆ, ಒಂದು ಕರುವಿಗೆ, ಒಂದು ಬೆಕ್ಕಿಗೆ ಸಾಕಾಗಿ ಉಳಿಯುತ್ತದೆ. ಮತ್ತೊಂದು ಮಾತು: ಪುಣೆಯಲ್ಲಿ ಗಾಡಿ ಹತ್ತುವಾಗ ನಾನು ನಿನ್ನ ಹ್ಞೂಂ ಕೇಳಿರಲಿಲ್ಲ. ಕಾಶಿಯಿಂದ ಮುಂದೆ ಎಲ್ಲಿಗಾದರೂ ಹೋಗಬೇಕೆನ್ನಿಸಿದರೆ ನೀನೂ ಕೇಳಬೇಡ. ಹೋಗಿ ಮುಟ್ಟಿದ ಮೇಲೆ ಒಂದು ಕಾರ್ಡು ಹಾಕು.